ಅಪ್ಪ ನಿಲ್ಲುವ ಜಾಗ

ಏಪ್ರಿಲ್ 6

ಈ ದಡದ ಉಸ್ತುವಾರಿ ನನ್ನದಾದ ಮೇಲೆ ಭಾನುವಾರ ಅಂದ್ರೆ ನನಗೆ ಜ್ವರ ಬಂದ ಹಾಗೆ. ಪಾರ್ಕಿಂಗ್ ಬೆಳಿಗ್ಗೆಯೇ ಫುಲ್. ಜಲಾಶಯ ನೋಡೋಕೆ ಬಂದವರು ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಮಾಡ್ತಾರೆ. 'ನೀರಿಗೆ ಇಳಿಯಬಾರದು' ಅನ್ನೋ ಬೋರ್ಡಿಗೇ ಒದ್ದೆ ಶರ್ಟ್ ಒಣಹಾಕಿದ್ದರು. ಮೈಕಲ್ಲಿ ಕೂಗಿ ಕೂಗಿ ನನ್ನ ಗಂಟಲು ಹೋಯ್ತು. ಗಾರ್ಡ್ ಊದಿ ಊದಿ ಸುಸ್ತು — ಅವನನ್ನೀಗ ಎಲ್ಲರೂ ಸೀಟಿ ಅಂತಲೇ ಕರೆಯೋದು.

ಒಬ್ಬಳು ನೇರ ಬಂದು ಕೇಳಿದಳು, ಬೆಳಿಗ್ಗೆ ನಮ್ಮನ್ನ ಒಳಗೆ ಬಿಡೋ ಮೊದಲೇ ಆ ಅಜ್ಜ ಈಜ್ತಿದ್ದರಲ್ಲ, ಅವರಿಗೆ ಬೋರ್ಡ್ ಕಾಣಲ್ವಾ ಅಂತ. ಕಾಣುತ್ತೆ ತಾಯಿ. ಆ ಅಜ್ಜ ನಮ್ಮಪ್ಪ.

ಏಪ್ರಿಲ್ 9

ಸೀಟಿ ಇವತ್ತು ನಕ್ಕೊಂಡೇ ಅಂದ, ಮೇಡಂ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತು. ಮೈ ಉರಿದುಹೋಯ್ತು. ನಿಜ ಆಗಿದ್ದಕ್ಕೇ ಉರಿದಿದ್ದು.

ಆದರೆ ಹೇಗೆ ತಡೀಲಿ? ಅಮ್ಮ ಹೋದ ಮೇಲೆ ಅಪ್ಪ ಮನುಷ್ಯನ ಹಾಗೆ ಮಾತಾಡೋದು ಈಜಿ ಬಂದ ಮೇಲೆ ಮಾತ್ರ. ತಲೆ ಒರೆಸ್ಕೊಳ್ತಾ ಚಹಾ ಕೇಳ್ತಾನೆ, ನನ್ನ ಅಡುಗೆ ಆಡ್ಕೊಳ್ತಾನೆ. ಈಜದ ದಿನ ಬಾಯಿಗೆ ಬೀಗ.

ಹಳೇ ರಸ್ತೆಯ ತಡೆಗೋಡೆ ನೀರೊಳಗೆ ಮುಳುಗಿದೆ. ಅಲ್ಲಿವರೆಗೆ ಈಜಿ, ಅದರ ಮೇಲೆ ನಿಂತು ಸುಧಾರಿಸ್ಕೊಳ್ತಾನೆ. ಬೇಸಿಗೆ, ನೀರು ಇಳಿದಿದೆ. ನಟ್ಟನಡುವೆ ಸೊಂಟದಷ್ಟು ನೀರಲ್ಲಿ ಕೈಕಟ್ಟಿ ನಿಂತಿರ್ತಾನೆ, ಬಸ್ಸಿಗೆ ಕಾಯೋನ ಹಾಗೆ.

ಏಪ್ರಿಲ್ 13, ಮಧ್ಯಾಹ್ನ



ಅಪ್ಪ ಇವತ್ತು ಲೇಟು, ಮಂಡಿನೋವು. ಅಷ್ಟರಲ್ಲಿ ಜನರಿಗೆ ಗೇಟ್ ತೆಗೆದಾಗಿತ್ತು. ಜನ ನೋಡಿದ್ದಾರೆ — ಅಷ್ಟು ದೂರದಲ್ಲಿ ಅಜ್ಜನಿಗೇ ಸೊಂಟದವರೆಗೆ ನೀರು, ಹಾಗಾದ್ರೆ ದಡದಲ್ಲೇನು ಭಯ? ಒಬ್ಬ ಪ್ಯಾಂಟ್ ಮಡಚಿ ಅಪ್ಪನ ಕಡೆಗೇ ನಡ್ಕೊಂಡು ಹೋದ. ನಾಲ್ಕು ಹೆಜ್ಜೆ ಇಟ್ಟಿರಬಹುದು... ಆಮೇಲೆ ಆಳ. ತಲೆಯೇ ಕಾಣಲಿಲ್ಲ.

ದೋಣಿಯವನು ಕೂದಲು ಹಿಡಿದು ಎಳೆದ. ಬದುಕಿದ. ಅವನ ಹೆಂಡತಿ ನನ್ನ ಕೈ ಹಿಡಿದವಳು ಆಂಬುಲೆನ್ಸ್ ಬರೋವರೆಗೂ ಬಿಡಲಿಲ್ಲ, ಉಗುರು ನಾಟಿದೆ.

ಅಪ್ಪನೂ ಅವನ ಕಡೆಗೇ ಈಜಿಕೊಂಡು ಬಂದ. ಆಗಲಿಲ್ಲ, ಉಸಿರು ಸಾಲಲಿಲ್ಲ. ಮೆಟ್ಟಿಲ ಮೇಲೆ ನಡುಗ್ತಾ ಕೂತು ಒಂದೇ ಮಾತು ಕೇಳಿದ.

"ನನ್ನ ನೋಡಿ ಇಳಿದನಾ?"

ಹೌದು ಅಂದೆ. ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

ಏಪ್ರಿಲ್ 19

ಸಾಹೇಬರು ಕರೆಸಿದ್ದರು. ಇನ್ನು ಯಾರೂ ನೀರಿಗೆ ಇಳಿಯೋ ಹಾಗಿಲ್ಲ, ಇಳಿದರೆ ಈ ದಡವನ್ನೇ ಮುಚ್ಚಿಸ್ತೀನಿ ಅಂದರು. ಮುಚ್ಚಿದರೆ ದೋಣಿಯವರ ಗತಿ ಏನು? ಸಾಹೇಬರು ಅಪ್ಪನ ಹೆಸರು ಎತ್ತಲಿಲ್ಲ. 'ಯಾರೂ' ಅನ್ನುವಾಗ ಮಾತ್ರ ಫ್ಯಾನ್ ನೋಡಿದರು.

ದಾರಿಯುದ್ದಕ್ಕೂ ಮಾತು ಜೋಡಿಸ್ಕೊಂಡು ಬಂದೆ. ಅಪ್ಪ ಬಟ್ಟೆ ಮಡಚ್ತಿದ್ದ. ಜೋಡಿಸಿದ್ದೆಲ್ಲ ಮರೆತೇಹೋಯ್ತು. ಅಪ್ಪ, ಇನ್ಮೇಲೆ ನೀರಿಗೆ ಇಳೀಬೇಡ ಅಂದೆ, ಅಷ್ಟೇ.

"ಬೇರೆ ಯಾರಾದ್ರೂ ಹೇಳಿದ್ರೆ ಜಗಳ ಆಡ್ತಿದ್ದೆ," ಅಂದ. ಮತ್ತೆ ಬಟ್ಟೆ ಮಡಚಿದ.

ಜಗಳ ಆಡಬಾರದಿತ್ತಾ! ನನಗೂ ಅಳೋಕೆ ಒಂದು ನೆಪ ಆಗ್ತಿತ್ತು.

ಏಪ್ರಿಲ್ 20

ಗೋಡೆ ಇರೋ ಕಡೆ ಎಚ್ಚರಿಕೆಗೆ ಕೆಂಪು ಪ್ಲಾಸ್ಟಿಕ್ ತೇಲುಬುರುಡೆ ಕಟ್ಟಬೇಕು. ಆ ಗೋಡೆ ಎಲ್ಲಿಂದ ಎಲ್ಲಿವರೆಗೆ ಅಂತ ಅಪ್ಪನಿಗಷ್ಟೇ ಗೊತ್ತು. ದೋಣಿಯಲ್ಲಿ ಕರ್ಕೊಂಡು ಹೋದ್ವಿ. ಇಲ್ಲಿಂದ... ಇಲ್ಲಿಗೆ, ಅಂತ ಬೆರಳು ತೋರಿಸಿದ. ತನ್ನ ಜಾಗಕ್ಕೆ ತಾನೇ ಬೇಲಿ ಹಾಕಿಸಿದ.

ವಾಪಸ್ ಬರುವಾಗ ಮೊಣಕೈವರೆಗೂ ಕೈಯನ್ನ ನೀರಲ್ಲಿ ಇಳಿಬಿಟ್ಟು ಕೂತಿದ್ದ. ದಡ ಮುಟ್ಟೋವರೆಗೂ ತೆಗೀಲಿಲ್ಲ. ದೋಣಿಯವನು ಬೇಕಂತಲೇ ನಿಧಾನಕ್ಕೆ ಹುಟ್ಟು ಹಾಕಿದ. ದೇವರು ಅವನನ್ನ ಚೆನ್ನಾಗಿ ಇಟ್ಟಿರಲಿ.

ಏಪ್ರಿಲ್ 28, ಬೆಳಿಗ್ಗೆ

ಇಷ್ಟು ದಿನ ಮನೇಲಿ ಹೂಂ, ಊಹೂಂ ಬಿಟ್ಟರೆ ಮಾತಿಲ್ಲ. ಇವತ್ತು ಅಪ್ಪ ಹಳೇ ಹೊತ್ತಿಗೇ ಎದ್ದ. ಟವಲ್ ಹೆಗಲಿಗೆ ಹಾಕ್ಕೊಂಡ. ಈಗ ಅಪ್ಪನ ಮೇಲೂ ಸೀಟಿ ಊದಿಸಬೇಕಾ?

ಬಾಗಿಲ ಕಡೆ ಹೋಗಲಿಲ್ಲ. ಬಚ್ಚಲಿಗೆ ಹೋದ. ತುಂಬಾ ಹೊತ್ತು ಚೊಂಬಿನ ಸದ್ದು. ಆಮೇಲೆ ಒಳಗಿಂದಲೇ ಕೂಗಿದ.

"ಮಗಾ, ಇನ್ನೊಂದು ಬಕೆಟ್ ನೀರು ಕೊಡೇ. ಇದರಲ್ಲಿ ಮೈಯೇ ನೆನೆಯಲ್ಲ."

ತುಂಬಿಸಿ ಕೊಟ್ಟೆ. ಮತ್ತೂ ಕೇಳಿದ. ಮತ್ತೂ ತುಂಬಿಸ್ತಿದೀನಿ. ಆಫೀಸಿಗೆ ಲೇಟಾಯ್ತು, ಆಗಲಿ, ಎಷ್ಟು ಬಕೆಟ್ ಆದರೂ ತುಂಬಿಸ್ತೀನಿ.