ದಿಂಬಿನ ಮೇಲಿನ ಪ್ರಶ್ನೆಪತ್ರಿಕೆ

ಅಣ್ಣಾ,

ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕಂಕುಳಲ್ಲಿ ಇರುಕಿಕೊಂಡು ಗೀಚುತ್ತಿದ್ದೇನೆ.

ಕಾರ್ಖಾನೆಯಲ್ಲಿ ನನಗಿರುವ ಇಂಗ್ಲಿಷ್ ಪರೀಕ್ಷೆಗೆಂದು ನೀನು ಮನೆ ತುಂಬ ಪದಗಳ ಚೀಟಿ ಅಂಟಿಸಿದ್ದು ಸರಿ, ಆದರೆ ಅಮ್ಮನ ಮಾತ್ರೆ ಡಬ್ಬಿಯನ್ನೂ ಬಿಡಲಿಲ್ಲವಲ್ಲ! ಕಿತ್ತಿದ್ದೇನೆ. ಊಟವಾದ ಮೇಲೆ ಅವಳಿಗೆ ಬಿಳಿ ಮಾತ್ರೆ ಕೊಡು.

ನಿನ್ನ ಗೆಳೆಯ ಕದ್ದು ತಂದ ಪ್ರಶ್ನೆಪತ್ರಿಕೆಯನ್ನು ಸತ್ತ ಇಲಿಯ ಹಾಗೆ ಎರಡು ಬೆರಳಲ್ಲಿ ಎತ್ತಿ ನಿನ್ನ ದಿಂಬಿನ ಮೇಲೆ ಹಾಕಿದ್ದೇನೆ. "ಅರ್ಥ ಯಾಕೆ ಬೇಕು ಪುಟ್ಟಿ, ಉತ್ತರ ಬಾಯಿಪಾಠ ಮಾಡು ಸಾಕು" ಅಂದೆಯಲ್ಲ, ಹೇಸಿಗೆಯಾಯಿತು. ಪಾಸಾದರೆ ಬಾಯ್ಲರ್ ನನ್ನ ಕೈಗೆ ಬರುತ್ತದೆ. ಅದರ ಮೇಲಿನ ಎಚ್ಚರಿಕೆಯೆಲ್ಲ ಇಂಗ್ಲಿಷಿನಲ್ಲೇ ಇದೆ. ಓದಲು ಬರದೆ ಉಗಿಯ ವಾಲ್ವ್ ತಪ್ಪಾಗಿ ತಿರುಗಿಸಿದರೆ ಬೇಯುವುದು ನನ್ನ ಪಾಳಿಯವರ ಮೈ.

ಫೇಲಾದರೆ ಹೆಲ್ಪರ್ ಆಗಿಯೇ ಇರುತ್ತೇನೆ. ಆ ಪತ್ರಿಕೆ ನನಗೆ ಬೇಡ.