ಹಣೆಯ ಮೇಲಿಟ್ಟ ನಾದ

೩ ಸೆಪ್ಟೆಂಬರ್ ೧೯೩೬, ಬೆಳಿಗ್ಗೆ
ಹೆರಿಗೆ ವಾರ್ಡಿನ ಸುತ್ತು. ಮೂರನೆಯ ಹಾಸಿಗೆ, ಅಂಬಾ, ಚೊಚ್ಚಲು. ಹೊಟ್ಟೆಯ ಮೇಲೆ ಕೊಳವೆ ಇಟ್ಟು ಬಲಗಿವಿ ಹಚ್ಚಿದೆ. ಕೂಸಿನ ಎದೆಬಡಿತವೇ ಇಲ್ಲ. ಅದೇ ಜಾಗಕ್ಕೆ ಎಡಗಿವಿ ಹಚ್ಚಿದೆ — ಚೆನ್ನಾಗಿಯೇ ಬಡಿಯುತ್ತಿತ್ತು. ಕೆಟ್ಟಿರುವುದು ನನ್ನ ಕಿವಿ.

೫ ಸೆಪ್ಟೆಂಬರ್
ಯಾರಿಗೂ ಹೇಳಿಲ್ಲ. ಆಷಾಢದಲ್ಲಿ ಚಳಿಜ್ವರಕ್ಕೆ ವಾರಗಟ್ಟಲೆ ಕ್ವಿನೈನ್ ನುಂಗಿದ್ದೆ. ಅದರಿಂದಲೇ ಕಿವಿಯ ನರ ಸತ್ತಿರಬೇಕು. ಕಿವುಡಿ ನರ್ಸನ್ನು ಕ್ಯಾಂಪಿನ ಈ ಆಸ್ಪತ್ರೆಯಲ್ಲಿ ಯಾರು ಇಟ್ಟುಕೊಳ್ಳುತ್ತಾರೆ? ಮತ್ತೆ ಧಾರವಾಡ, ಅಣ್ಣನ ಮನೆಯ ಮೂಲೆ... ಬೇಡ.

೧೪ ಸೆಪ್ಟೆಂಬರ್
ಡಾಕ್ಟರ್ ಬಿಂದುಮಾಧವರೇ ಹಿಡಿದರು. "ರುದ್ರವ್ವಾರ, ಮೂರು ಸಲ ಕರದೆ. ಏನಾಗೇದ್ರಿ ಕಿವಿಗೆ?"
ಅತ್ತುಬಿಟ್ಟೆ. ಬೈಯಲಿಲ್ಲ. ಬಡಿದರೆ ನಾದ ಹೊರಡುವ ಎರಡು ಕವಲಿನ ಉಕ್ಕಿನ ಫೋರ್ಕ್ ತೆಗೆದು ಮೊಣಕಾಲಿಗೆ ಬಡಿದರು. ಬಲಗಿವಿಯ ಮುಂದೆ ಹಿಡಿದರು — ಏನೂ ಇಲ್ಲ. ಅದರ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು — ಗುಂಯ್ ಎಂದು ಸ್ಪಷ್ಟ! ಆಮೇಲೆ ಹಣೆಯ ನಡುವೆ.
"ಯಾವ ಕಡೆ ಕೇಳಸ್ತದ್ರಿ?"
"ಬಲಕ್ಕರೀ... ಕೆಟ್ಟ ಕಿವಿಯೊಳಗ!"
ತಪ್ಪು ಹೇಳಿದೆನೇನೋ ಎಂದು ಹೆದರಿದೆ. ಅವರು ನಕ್ಕರು. "ಛಲೋ ಆತು. ನರ ಸತ್ತಿದ್ರ ನಾದ ಒಳ್ಳೇ ಕಿವಿಗೆ ಹೋಗ್ತಿತ್ತು. ನಿಮ್ಮ ನರ ಗಟ್ಟಿ ಅದ. ಹಾದ್ಯಾಗ ಏನೋ ಅಡ್ಡ ಕೂತದ, ಅಷ್ಟ."
ದೀಪ ಹಿಡಿದು ನೋಡಿದರು. ಗುಗ್ಗೆ. ಕಲ್ಲಾಗಿದೆ.

೧೮ ಸೆಪ್ಟೆಂಬರ್
ನಾಲ್ಕು ದಿನ ಎಣ್ಣೆ. ಇಂದು ಪಿಚಕಾರಿಯಲ್ಲಿ ಬೆಚ್ಚನೆಯ ನೀರು. ತಲೆ ತಿರುಗಿತು. ಬೋಗುಣಿಗೆ ಟಪ್ಪೆಂದು ಏನೋ ಬಿತ್ತು — ಆ ಟಪ್ ನನಗೆ ಕೇಳಿಸಿತು! ಬೀದಿಯ ಟಾಂಗಾ, ನನ್ನದೇ ಸೀರೆಯ ಸರಸರ...
ಸಂಜೆ ಹೊಸದಾಗಿ ಬಂದ ಬಸುರಿಯ ಕೂಸಿನ ಎದೆಬಡಿತ ಬಲಗಿವಿಯಿಂದಲೇ ಎಣಿಸಿದೆ. ದೇವರಿಗೂ ಡಾಕ್ಟರಿಗೂ ಎಷ್ಟು ಕೈಮುಗಿದರೂ ಸಾಲದು.

೨ ಅಕ್ಟೋಬರ್
ನಮ್ಮ ಆಸ್ಪತ್ರೆಯ ಅಡುಗೆಯ ರಂಗೂಬಾಯಿ ಬಂದಳು. "ನಂದೂ ಎಡಗಿವಿ ಮಂದ ಆಗೇದ್ರೀ. ತೊಳದು ಕೊಡ್ರಿ."
ಡಾಕ್ಟರ್ ಕಿವಿಯೊಳಗೆ ನೋಡಿದರು. ಸ್ವಚ್ಛವಾಗಿದೆ. ಫೋರ್ಕ್ ನನ್ನ ಕೈಗೇ ಕೊಟ್ಟರು. ಹಣೆಗೆ ಇಟ್ಟೆ.
"ಬಲಕ್ಕ," ಎಂದಳು. ಒಳ್ಳೆಯ ಕಿವಿ. ಮತ್ತೆ ಬಡಿದು ಇಟ್ಟೆ. ಬಲಕ್ಕೇ.
ಡಾಕ್ಟರರತ್ತ ನೋಡಿದೆ. ನರವೇ ಹೋಗಿದೆ, ತೊಳೆದು ಫಲವಿಲ್ಲವೆಂದು ತಲೆಯಾಡಿಸಿದರು. ನನಗೆ ಸಿಕ್ಕಿದ್ದು ಎಂಥ ಭಾಗ್ಯವೆಂದು ಆಗ ತಿಳಿಯಿತು. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.
"ನಿಮ್ಮ ಹಂಗ ನಂದೂ ತೆರೀತದಲ್ರೀ?"
ಸ್ಟೂಲು ಎಳೆದು ಅವಳ ಬಲಕ್ಕೆ ಕುಳಿತೆ. ಕೈ ಹಿಡಿದೆ. "ರಂಗೂಬಾಯಿ, ಈ ಕಿವಿ ಭಾಳ ಛಲೋ ಅದ. ಇನ್ನ ಮ್ಯಾಲ ನಾವೆಲ್ಲಾ ಈ ಕಡಿಂದನ ಮಾತಾಡ್ತೀವಿ..."