ಕೊನೆಯ ಸ್ಥಾನಕ್ಕೆ ಅಪ್ಪನ ಟೋಪಿ

ಅಪ್ಪಾ,

ಇವತ್ತು ಬೆಳಿಗ್ಗೆ ಕ್ಲಬ್ಬಿನ ಶೆಡ್ಡಿನ ಮೊಳೆಯಲ್ಲಿ ನಿನ್ನ ಒಣಹುಲ್ಲಿನ ಟೋಪಿ ಇರಲಿಲ್ಲ. ನೀನು ತೀರಿಕೊಂಡ ಮೇಲೂ ಎರಡು ವರ್ಷ ಅದು ಅಲ್ಲೇ ತೂಗುತ್ತಿತ್ತು. ಕೊನೆಗೆ ಕಣ್ಣಿಗೆ ಬಿದ್ದದ್ದು ಕ್ಲಬ್ಬಿನ ಮೀಟಿಂಗ್ ಕೋಣೆಯಲ್ಲಿ, ಗಾಲ್ಫ್ ಪಂದ್ಯಕ್ಕೆ ತರಿಸಿದ ಬೆಳ್ಳಿ ಕಪ್‌ಗಳ ಸಾಲಿನ ತುದಿಯಲ್ಲಿ.

"ಕೊನೇ ಸ್ಥಾನಕ್ಕೆ ಇದೇ ಬಹುಮಾನ, ಮಾಲಿ ಟೋಪಿ! ಆಡೋಕೆ ಬರದವ್ರು ಹುಲ್ಲಾದ್ರೂ ಕತ್ತರಿಸ್ಲಿ," ಎಂದರು ಕಾರ್ಯದರ್ಶಿ. ಸಮಿತಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಕ್ಲಬ್ಬಿನ ಗುಮಾಸ್ತೆಯಾಗಿ ಬಹುಮಾನಗಳ ಪಟ್ಟಿ ಬರೆಯುತ್ತಿದ್ದ ನನ್ನತ್ತ ತಿರುಗಿ, "ನೀನು ಸಾಹಿತ್ಯ ಓದಿದವಳಲ್ವೇನಮ್ಮಾ, ಇದಕ್ಕೆ ನಾಲ್ಕು ತಮಾಷೆ ಸಾಲು ಬರೆದುಕೊಡು. ನಿಮ್ಮಪ್ಪ ಇದ್ದಿದ್ರೆ ಅವನೇ ಮೊದಲು ನಗ್ತಿದ್ದ," ಎಂದರು.

ನನ್ನ ಮೈ ಉರಿದದ್ದು ಅದಕ್ಕೇ. ನೀನು ನಿಜವಾಗಿಯೂ ನಗುತ್ತಿದ್ದೆ. ಮೂವತ್ತು ವರ್ಷ ಅವರ ಹುಲ್ಲು ನೋಡಿಕೊಂಡೆ, ಅವರು ಏನಂದರೂ ಹಲ್ಲು ಬಿಟ್ಟೆ. ಆ ಟೋಪಿ ಹಾಕಿಕೊಂಡು ಶಾಲೆಯ ಗೇಟಿಗೆ ಬರಬೇಡ ಎಂದು ನಾನು ಹೇಳಿದಾಗಲೂ ನಕ್ಕೆ. ಮರುದಿನದಿಂದ ಸುಡುಬಿಸಿಲಲ್ಲಿ ಬರಿತಲೆಯಲ್ಲಿ ನಿಂತು ನನಗಾಗಿ ಕಾಯುತ್ತಿದ್ದೆ. ಒಂದು ಮಾತು ಬೈಯಬಾರದಿತ್ತೇ?

ಪಟ್ಟಿಯ ಕೊನೆಯಲ್ಲಿ ಟೋಪಿಯನ್ನು ಬರೆದಿದ್ದೇನೆ. ತಮಾಷೆಯ ಸಾಲು ಒಂದೂ ಬರೆದಿಲ್ಲ. ಭಾನುವಾರ ಬಹುಮಾನಗಳನ್ನು ಒಂದೊಂದಾಗಿ ಎತ್ತಿಕೊಡುವವಳು ನಾನೇ. ನಿನ್ನ ಟೋಪಿ ಹಾಕಿಕೊಂಡೇ ವೇದಿಕೆ ಹತ್ತುತ್ತೇನೆ. ಬೇಕಾದವರು ಬಂದು ನನ್ನ ತಲೆಯಿಂದ ತೆಗೆದುಕೊಳ್ಳಲಿ.